ಸಂತೋಷವೂ ಸೌಕರ್ಯವೂ ಒಂದೇ ಕಾರಿನಲ್ಲಿ

ಎರಡೇ ಆಸನಗಳ ಸ್ಪೋರ್ಟ್ಸ್ ಕಾರು ಮನಸ್ಸಿಗೆ ಮುದ ನೀಡಿದರೂ ಸಂಸಾರಕ್ಕಾಗಲಿ ಸರಕಿಗಾಗಲಿ ಅದರಲ್ಲಿ ಸ್ಥಳವಿಲ್ಲ. ಅದನ್ನು ಮಾರಿ ಚಿಕ್ಕ ಕಾರು ಕೊಳ್ಳುವವರು ಚಾಲನೆಯ ಸಂತೋಷವನ್ನೂ ಬಿಟ್ಟುಕೊಡಬೇಕೆಂಬ ಭಾವನೆ ಹಿಂದೆ ಬಲವಾಗಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ 1976ರಲ್ಲಿ ಮಾರುಕಟ್ಟೆಗೆ ತಂದ ಗಾಲ್ಫ್ ಜಿಟಿಐ ಈ ಭಾವನೆಯನ್ನು ಅಲುಗಾಡಿಸಿತು.

ಹೊಸ ಕಾರನ್ನೇ ರೂಪಿಸುವ ಬದಲು, ಆಗಲೇ ತಯಾರಾಗುತ್ತಿದ್ದ ಗಾಲ್ಫ್‌ಗೆ 110 ಅಶ್ವಶಕ್ತಿಯ 1.6 ಲೀಟರ್ ಎಂಜಿನ್ ಹಾಗೂ ಬಿಗಿಯಾದ ಸಸ್ಪೆನ್ಷನ್ ಅಳವಡಿಸಲಾಯಿತು. ಗರಿಷ್ಠ ವೇಗ ಗಂಟೆಗೆ 180 ಕಿಲೋಮೀಟರ್ ದಾಟಿತು. ಹಿಂದಿನ ಆಸನ ಮಡಚಿದರೆ ಸರಕಿಗೂ ಜಾಗ ದೊರೆಯಿತು. ಸಂಸ್ಥೆ ಮೊದಲು ಯೋಜಿಸಿದ್ದು 5,000 ಕಾರುಗಳನ್ನು ಮಾತ್ರ. ಮೊದಲ ತಲೆಮಾರಿನಲ್ಲೇ ತಯಾರಾದವು 4.6 ಲಕ್ಷಕ್ಕೂ ಹೆಚ್ಚು.

ಇರುವ ಉತ್ಪನ್ನದಲ್ಲೇ ಗ್ರಾಹಕನ ಎರಡು ಅಪೇಕ್ಷೆಗಳನ್ನು ಪೂರೈಸಿದರೆ ಮಾರುಕಟ್ಟೆ ಹೇಗೆ ವಿಸ್ತರಿಸುತ್ತದೆಂಬುದಕ್ಕೆ ಸಣ್ಣ ಉದ್ಯಮಿಗಳಿಗೆ ಇದೊಂದು ಉತ್ತಮ ನಿದರ್ಶನ.