ರೇಡಿಯೋದಲ್ಲಿ ಬಂದ ಕಂಪ್ಯೂಟರ್ ಆಟ

ಕೇಳುಗರೇ, ಇಷ್ಟದ ಹಾಡು ರೇಡಿಯೋದಲ್ಲಿ ಬಂದೊಡನೆ ಟೇಪ್ ರೆಕಾರ್ಡರ್ ಗುಂಡಿ ಒತ್ತಿದ್ದು ನೆನಪಿದೆಯಾ? 1980ರ ದಶಕದಲ್ಲಿ ಯುಗೊಸ್ಲಾವಿಯಾದ ಹುಡುಗರು ಹೀಗೆಯೇ ಕಂಪ್ಯೂಟರ್ ಆಟ ಟೇಪ್ ಮಾಡಿಕೊಳ್ಳುತ್ತಿದ್ದರು!

ಅವರ ಕಂಪ್ಯೂಟರಿನ ಹೆಸರು ಗಲಾಕ್ಸಿಯಾ. ಹೊರಗಿನ ಕಂಪ್ಯೂಟರ್ ತರಿಸಲು ಆಮದು ನಿಯಮ ಬಿಡುತ್ತಿರಲಿಲ್ಲ. 1983ರಲ್ಲಿ ವೊಯಾ ಆಂಟೊನಿಚ್ ಎಂಬುವರು ಅಗ್ಗದ ಝಡ್80 ಚಿಪ್ ಬಳಸಿ, ಮನೆಯಲ್ಲೇ ಜೋಡಿಸಬಹುದಾದ ಯಂತ್ರ ರೂಪಿಸಿದರು. ನಕ್ಷೆ ಪತ್ರಿಕೆಯಲ್ಲಿ ಅಚ್ಚಾಯಿತು. ಸಾವಿರಾರು ಜನ ಕಿಟ್ ತರಿಸಿ ತಾವೇ ಬೆಸುಗೆ ಹಾಕಿದರು. ಪರದೆಗೆ ಮನೆಯ ಟಿವಿ. ತಪ್ಪು ಮಾಡಿದರೆ ಯಂತ್ರ ಹೇಳುತ್ತಿದ್ದುದು ಮೂರೇ ಮಾತು: ‘ವಾಟ್?’, ‘ಹೌ?’, ‘ಸಾರಿ’. ಎಷ್ಟು ಸಭ್ಯ ನೋಡಿ!

ಪ್ರೋಗ್ರಾಂ ಉಳಿಸಲು ಮಾಮೂಲಿ ಕ್ಯಾಸೆಟ್. ಸೊನ್ನೆ, ಒಂದುಗಳೆಲ್ಲ ಅದರಲ್ಲಿ ಕೀರಲು ಶಬ್ದವಾಗುತ್ತಿದ್ದವು, ಹಳೇ ಡಯಲ್-ಅಪ್ ಮೋಡೆಮ್ ಕಿರುಚುತ್ತಿತ್ತಲ್ಲ, ಹಾಗೆ. ಶಬ್ದ ಅಂದಮೇಲೆ ರೇಡಿಯೋದಲ್ಲೂ ಬಿಡಬಹುದು! ರೇಡಿಯೋ ಬೆಲ್‌ಗ್ರೇಡಿನ ‘ವೆಂಟಿಲೇಟರ್ 202’ ಕಾರ್ಯಕ್ರಮದಲ್ಲಿ ಜೋರಾನ್ ಮೊದ್ಲಿ ಮಾಡಿದ್ದು ಅದನ್ನೇ. ಟೇಪ್ ಮಾಡಿದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಕೇಳಿಸಿದರೆ ಆಟ ಸಿದ್ಧ.

ಆದರೆ ಸ್ಟೇಷನ್ ಸರಿಯಾಗಿ ಸಿಗಬೇಕಿತ್ತು. ಹಾಡಿನ ನಡುವೆ ಗೊರಗೊರ ಬಂದರೆ ನಾವು ಸಹಿಸಿಕೊಳ್ಳುತ್ತೇವೆ. ಕಂಪ್ಯೂಟರ್ ಸಹಿಸುವುದಿಲ್ಲ.