ಆರತಿಗೆ ಮೊದಲೇ ಆಡಬೇಕಾದ ಮಾತು

ಹುಡುಗಿ ಮೈನೆರೆದಳೆಂದರೆ ಹತ್ತರಗಿ, ಗೋಕಾಕದ ಸೀಮೆಯಲ್ಲಿಯೂ ನಾಡಿನ ಅನೇಕ ಕಡೆಗಳಂತೆ ಮುತ್ತೈದೆಯರು ಕೂಡಿ ಆರತಿ ಬೆಳಗುವ, ಸೋಬಾನೆ ಹಾಡುವ, ಕೊಬ್ಬರಿ ಬೆಲ್ಲ ತಿನ್ನಿಸುವ ವಾಡಿಕೆಯುಂಟು. ದೇಹವಾದರೋ ಆ ದಿನಕ್ಕಾಗಿ ಕಾದು ಕುಳಿತಿರುವುದಿಲ್ಲ. ಎದೆ ಮೂಡುವುದು ಸಾಮಾನ್ಯವಾಗಿ 8ರಿಂದ 13ನೆಯ ವಯಸ್ಸಿನೊಳಗೆ. ಮೊದಲ ಮುಟ್ಟು ಅದಾದ ಸುಮಾರು 2 ವರ್ಷಗಳ ಮೇಲೆ. ಈ ನಡುಗಾಲದಲ್ಲಿ ಮಗಳು ಶಾಲೆಯ ಅಂಗಿಯನ್ನು ಗುಟ್ಟಾಗಿ ಮೂಸಿ ನೋಡುತ್ತಾಳೆ. ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಕೈಯೆತ್ತಲು ಹಿಂಜರಿಯುತ್ತಾಳೆ. ಸೋಬಾನೆಯವರು ಆಗ ಯಾರೂ ಬರುವುದಿಲ್ಲ!

ತಾಯಂದಿರು ಆಗಲೇ ತಿಳಿಸಿ ಹೇಳಬೇಕು. ಮೈಯನ್ನು ತಂಪಾಗಿಸುವ ನೀರುಬೆವರು ಹುಟ್ಟಿದಂದಿನಿಂದಲೂ ಇದ್ದುದೇ. ಕಂಕುಳಲ್ಲಿ, ತೊಡೆಸಂದಿನಲ್ಲಿ ಇನ್ನೊಂದು ಜಾತಿಯ ಸ್ವೇದಗ್ರಂಥಿಗಳುಂಟು. ಅವು ಈ ವಯಸ್ಸಿನಲ್ಲಿ ಹಾರ್ಮೋನುಗಳ ಪ್ರೇರಣೆಯಿಂದ ಎಚ್ಚರಗೊಳ್ಳುತ್ತವೆ. ಆ ಬೆವರಿಗೂ ಸ್ವತಃ ವಾಸನೆ ಇಲ್ಲವೆನ್ನಬಹುದು. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗಲಷ್ಟೇ ವಾಸನೆ ಹುಟ್ಟುತ್ತದೆ. ಇದು ಕೊಳಕುತನದ ಗುರುತಲ್ಲವೆಂದು ಮಗಳಿಗೆ ಮನದಟ್ಟಾಗಬೇಕು. ದಿನವೂ ಸೋಪಿನಿಂದ ತೊಳೆದು ಚೆನ್ನಾಗಿ ಒರಸಿಕೊಂಡು, ಬಿಸಿಲಿಗೆ ಒಣಗಿಸಿದ ಹತ್ತಿಯ ಬಟ್ಟೆ ತೊಟ್ಟರೆ ಬಹುಮಟ್ಟಿಗೆ ಸಾಕು; ಬಯಲುಸೀಮೆಯ ಏಪ್ರಿಲಿನಲ್ಲಿ ಎರಡು ಬಾರಿ ಮಿಂದರೂ ತಪ್ಪಿಲ್ಲ. ತೊಳೆಯದ ಮೈಗೆ ಪೌಡರು ಬಳಿಯುವ ಉಪಾಯ ಮಾತ್ರ ನನಗೆ ಮೆಚ್ಚಿಕೆಯಲ್ಲ.

8 ತುಂಬುವ ಮೊದಲೇ ಎದೆ ಮೂಡಿದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಉಳಿದುದನ್ನೆಲ್ಲ ಮಗಳ ತಲೆ ಬಾಚುತ್ತ ಹೇಳಬಹುದು; ಪಕ್ಕದಲ್ಲಿ ಪತ್ರಿಕೆ ಓದುತ್ತಿರುವ ತಂದೆಯೂ ಕೇಳಿಸಿಕೊಳ್ಳಲಿ.