ಹಳೆಯ ಎಂಜಿನ್‌ಗೆ ಹೊಸ ಉಸಿರು: ರೆನೋ 5 ಟರ್ಬೊ ಕಾರುಗಳು ಕಲಿಸುವ ಪಾಠ

ಹೊಸ ಯಂತ್ರಕ್ಕೆ ಬಂಡವಾಳ ಹೂಡುವುದೋ, ಇರುವ ಯಂತ್ರದಿಂದಲೇ ಹೆಚ್ಚಿನ ದುಡಿಮೆ ಪಡೆಯುವುದೋ ಎಂಬ ಪ್ರಶ್ನೆ ಪ್ರತಿಯೊಬ್ಬ ಸಣ್ಣ ಉದ್ದಿಮೆದಾರನನ್ನೂ ಒಂದಿಲ್ಲೊಂದು ದಿನ ಕಾಡುತ್ತದೆ. ಎರಡನೆಯ ದಾರಿಯನ್ನು ಹಿಡಿದವರು ಎಷ್ಟು ದೂರ ಸಾಗಬಹುದು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಫ್ರಾನ್ಸಿನ ರೆನೋ ಕಂಪನಿಯ ‘ರೆನೋ 5’ ಕಾರಿನ ಟರ್ಬೊ ಮಾದರಿಗಳು ಉತ್ತಮ ನಿದರ್ಶನ. ಹಿಂಬದಿಯಲ್ಲಿ ಮೇಲಕ್ಕೆ ತೆರೆಯುವ ಬಾಗಿಲುಳ್ಳ ಸಣ್ಣ ಕಾರಿಗೆ ಬಲಿಷ್ಠ ಎಂಜಿನ್ ಜೋಡಿಸಿದಾಗ ಅದನ್ನು ‘ಹಾಟ್ ಹ್ಯಾಚ್’ ಎಂದು ಕರೆಯುವುದು ವಾಡಿಕೆ. ಆ ವರ್ಗದ ಹೆಸರಾಂತ ಕಾರುಗಳಲ್ಲಿ ಇವೂ ಸೇರಿವೆ.

ಹಳೆಯ ಸರಕು, ಹೊಸ ಲೆಕ್ಕ

ರೆನೋ 5 ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಅದರ ಟರ್ಬೊ ಮಾದರಿಗಳಲ್ಲಿ ಬಳಸಿದ ಎಂಜಿನ್‌ನ ಮೂಲ ಇನ್ನೂ ಹಿಂದಿನದು. ಕ್ಲೇಯೋನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಲ್ಲಿ ತಯಾರಿಕೆ ಆರಂಭವಾದ, ಎರಕದ ಕಬ್ಬಿಣದ ಬ್ಲಾಕ್ ಮತ್ತು ಪುಶ್‌ರಾಡ್ ವ್ಯವಸ್ಥೆಯ ಸರಳ ಎಂಜಿನ್ ಅದು. ಪ್ರತಿಸ್ಪರ್ಧಿಗಳು ಮೇಲ್ಭಾಗದ ಕ್ಯಾಮ್‌ಶಾಫ್ಟ್‌ನ ಎಂಜಿನ್‌ಗಳತ್ತ ಸಾಗಿದ್ದ ಕಾಲದಲ್ಲಿ ರೆನೋ ಇದೇ ಹಳೆಯ ಎಂಜಿನ್‌ಗೆ ಟರ್ಬೊ ಚಾರ್ಜರ್ ಅಳವಡಿಸಿತು. ಟರ್ಬೊ ವಿದ್ಯೆ ಆ ಕಂಪನಿಗೆ ಹೊಸದೇನೂ ಆಗಿರಲಿಲ್ಲ. 1977ರಲ್ಲಿ ಫಾರ್ಮುಲಾ 1 ಪಂದ್ಯಗಳಿಗೆ ಟರ್ಬೊ ಎಂಜಿನ್ ತಂದದ್ದೇ ಅದು. 1979ರ ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ ಜ್ಯಾಂ-ಪಿಯೇರ್ ಜಬುಯಿ ಅದಕ್ಕೆ ಮೊದಲ ಗೆಲುವನ್ನು ತಂದುಕೊಟ್ಟಿದ್ದರು.

1980ರಲ್ಲಿ ಬಂದ ‘ರೆನೋ 5 ಟರ್ಬೊ’ ರ‍್ಯಾಲಿ ಪಂದ್ಯಗಳಿಗಾಗಿಯೇ ರೂಪುಗೊಂಡ ಕಾರು. ಎಂಜಿನ್ ಮುಂಭಾಗದಿಂದ ಹಿಂದಿನ ಆಸನದ ಜಾಗಕ್ಕೆ ಬಂದಿತು. ಇದರ ಅಳತೆಯಲ್ಲಿ ಒಂದು ಜಾಣ್ಮೆಯ ಲೆಕ್ಕ ಅಡಗಿದೆ. ಟರ್ಬೊ ಇರುವ ಎಂಜಿನ್‌ನ ಗಾತ್ರವನ್ನು 1.4ರಿಂದ ಗುಣಿಸಿ ವರ್ಗವನ್ನು ನಿರ್ಧರಿಸಬೇಕೆಂಬುದು ಅಂದಿನ ಪಂದ್ಯದ ನಿಯಮ. 1,397 ಸಿಸಿಯನ್ನು 1.4ರಿಂದ ಗುಣಿಸಿದರೆ 1,956 ಸಿಸಿಗಿಂತ ಕೊಂಚ ಕಡಿಮೆ. ಅಂದರೆ 2,000 ಸಿಸಿ ಮಿತಿಯ ಒಳಗೇ. ನಿಯಮವನ್ನು ಮುರಿಯದೆ, ಅದರ ಅಂಚಿನವರೆಗೂ ಬಳಸಿಕೊಂಡ ಈ ಕಾರು 160 ಅಶ್ವಶಕ್ತಿ ನೀಡುತ್ತಿತ್ತು. 1981ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಜ್ಯಾಂ ರ‍್ಯಾನ್ಯೊಟ್ಟಿ ಇದರಲ್ಲಿಯೇ ಗೆದ್ದರು.

ಪಂದ್ಯದ ಅರ್ಹತೆಗೆ 400 ಕಾರುಗಳನ್ನು ತಯಾರಿಸಿದರೆ ಸಾಕಿತ್ತು. ಗ್ರಾಹಕರ ಬೇಡಿಕೆ ಅದನ್ನು ಮೀರಿತು. ಆಗ ಕಂಪನಿ ‘ಟರ್ಬೊ 2’ ಎಂಬ ಅಗ್ಗದ ಮಾದರಿಯನ್ನು ಹೊರತಂದು, ದುಬಾರಿ ಅಲ್ಯೂಮಿನಿಯಂ ಬಾಗಿಲು-ಚಾವಣಿಗಳ ಬದಲು ಉಕ್ಕನ್ನು ಬಳಸಿತು. ಶಕ್ತಿಯನ್ನು ಕಡಿಮೆ ಮಾಡಲಿಲ್ಲ. ಗ್ರಾಹಕ ಯಾವುದಕ್ಕೆ ಹಣ ಕೊಡುತ್ತಾನೆ, ಯಾವುದನ್ನು ಗಮನಿಸುವುದಿಲ್ಲ ಎಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

ಜನಸಾಮಾನ್ಯರ ಟರ್ಬೊ

1985ರಲ್ಲಿ ಬಂದ ‘ರೆನೋ 5 ಜಿಟಿ ಟರ್ಬೊ’ ದಿನಬಳಕೆಗೆ ಒಗ್ಗುವ ಕಾರು. ಎಂಜಿನ್ ಮರಳಿ ಮುಂಭಾಗಕ್ಕೆ ಬಂದಿತು. ಅದೇ 1,397 ಸಿಸಿ, 115 ಅಶ್ವಶಕ್ತಿ, ಸುಮಾರು 830 ಕಿಲೋ ತೂಕ. ಪ್ರತಿ ಅಶ್ವಶಕ್ತಿಯ ಪಾಲಿಗೆ ಬೀಳುವ ಭಾರ ಏಳು ಕಿಲೋಗಿಂತ ಸ್ವಲ್ಪ ಹೆಚ್ಚು ಮಾತ್ರ. ಗಂಟೆಗೆ 200 ಕಿ.ಮೀ. ವೇಗವನ್ನು ಮುಟ್ಟಲು ಇದೇ ಕಾರಣ.

ಟರ್ಬೊ ಕೆಲಸ ಮಾಡುವ ರೀತಿ ಲಾರಿ ವ್ಯವಹಾರದವರಿಗೆ ಪರಿಚಿತ. ವ್ಯರ್ಥವಾಗಿ ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿದ ಸುತ್ತು ಇಲ್ಲಿ ಸಾಮಾನ್ಯ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್, ಅದರಿಂದ ಹೆಚ್ಚು ಶಕ್ತಿ.

ಜಿಟಿ ಟರ್ಬೊದ ವಿಶೇಷವೆಂದರೆ ಪೆಟ್ರೋಲ್ ಉಣಿಸುವ ಕೆಲಸವನ್ನು ಇಂಜೆಕ್ಷನ್ ಬದಲು ಕಾರ್ಬ್ಯುರೇಟರ್‌ಗೆ ಒಪ್ಪಿಸಿದ್ದು. ಒತ್ತಡದ ಗಾಳಿ ಕಾರ್ಬ್ಯುರೇಟರ್ ಮೂಲಕವೇ ಹಾದುಹೋಗುವುದರಿಂದ ಅದರ ಪ್ರತಿಯೊಂದು ಸಂದನ್ನೂ ಸೋರದಂತೆ ಮುಚ್ಚಬೇಕು. ಪೆಟ್ರೋಲಿನ ಒತ್ತಡ ಸದಾ ಗಾಳಿಯ ಒತ್ತಡಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಪೆಟ್ರೋಲ್ ಒಳಗೆ ಬರುವುದೇ ಇಲ್ಲ. ಖರ್ಚು ಉಳಿಯಿತಾದರೂ ತೊಂದರೆಯೂ ಜೊತೆಗೆ ಬಂದಿತು. ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ ಎರಡೂ ಎಂಜಿನ್‌ನ ಒಂದೇ ಬದಿಯಲ್ಲಿದ್ದುದರಿಂದ ಕಾರನ್ನು ನಿಲ್ಲಿಸಿದೊಡನೆ ಕಾರ್ಬ್ಯುರೇಟರ್ ಕಾದು ಪೆಟ್ರೋಲ್ ಆವಿಯಾಗುತ್ತಿತ್ತು. ಬಿಸಿ ಎಂಜಿನ್ ಮತ್ತೆ ಚಾಲೂ ಆಗಲು ಸತಾಯಿಸುವುದು ಈ ಕಾರಿನ ಹೆಸರಾದ ದೋಷ. 1987ರ ಪರಿಷ್ಕೃತ ಮಾದರಿಯಲ್ಲಿ ಟರ್ಬೊಗೆ ನೀರಿನ ತಂಪು ಒದಗಿಸಲಾಯಿತು. ಶಕ್ತಿ 120ಕ್ಕೆ ಏರಿತು.

ಇಷ್ಟಾದರೂ 1989ರ ಐವರಿ ಕೋಸ್ಟ್ ರ‍್ಯಾಲಿಯಲ್ಲಿ ಅಲ್ಯಾಂ ಒರೆಯ್ ಈ ಕಾರಿನಲ್ಲಿ ಒಟ್ಟಾರೆ ಮೊದಲಿಗರಾದರು. ಅಂಗಡಿಯ ಕಾರಿಗೆ ತೀರ ಸಮೀಪದ ‘ಗ್ರೂಪ್ ಎನ್’ ವರ್ಗದ ಕಾರೊಂದು ವಿಶ್ವ ಚಾಂಪಿಯನ್‌ಷಿಪ್ ಸುತ್ತನ್ನು ಗೆದ್ದದ್ದು ಅದೊಂದೇ ಬಾರಿ.

ಒಂದು ತಿರುಪಿನ ಬೆಲೆ

ಟರ್ಬೊ ಕಾರಿನ ಶಕ್ತಿ ಹೆಚ್ಚಿಸುವುದು ನೋಟಕ್ಕೆ ಬಹಳ ಸುಲಭ. ಒತ್ತಡ ಮಿತಿಮೀರಿದಾಗ ಹೊಗೆಯನ್ನು ಬದಿಗೆ ಬಿಡುವ ಕವಾಟವನ್ನು ಸ್ವಲ್ಪ ತಡವಾಗಿ ತೆರೆಯುವಂತೆ ಮಾಡಿದರೆ ಸಾಕು. ಸಣ್ಣ ಕೊಳವೆ, ಒಂದು ತಿರುಪು, ಅರ್ಧ ಗಂಟೆಯ ಕೆಲಸ. 0.7 ಬಾರ್ ಆಸುಪಾಸಿನ ಒತ್ತಡವನ್ನು 1 ಬಾರ್‌ಗೆ ಏರಿಸಿದರೆ ಎಂಜಿನ್‌ಗೆ ಸೇರುವ ಗಾಳಿ, ಕಾಗದದ ಮೇಲಿನ ಲೆಕ್ಕದಂತೆ, ಶೇ. 17ರಷ್ಟು ಹೆಚ್ಚುತ್ತದೆ.

ಆದರೆ ಒತ್ತಿದ ಗಾಳಿ ಕಾಯುತ್ತದೆ. 25 ಡಿಗ್ರಿಯ ಗಾಳಿ 0.7 ಬಾರ್‌ನಲ್ಲಿ ಸುಮಾರು 100 ಡಿಗ್ರಿ, 1 ಬಾರ್‌ನಲ್ಲಿ ಸುಮಾರು 125 ಡಿಗ್ರಿ ತಲುಪುತ್ತದೆ. ಇಂಟರ್‌ಕೂಲರ್ ಸಾಲದಾದರೆ, ಪೆಟ್ರೋಲ್ ಹೆಚ್ಚದಿದ್ದರೆ, ಮಿಶ್ರಣ ಹೊತ್ತಿಗೆ ಮುನ್ನವೇ ಸಿಡಿಯತೊಡಗುತ್ತದೆ. ಮೊದಲು ಹೋಗುವುದು ಹೆಡ್ ಗ್ಯಾಸ್ಕೆಟ್, ಆಮೇಲೆ ಪಿಸ್ಟನ್. ಈ ಎಂಜಿನ್‌ನ ಲೈನರ್‌ಗಳು ಬ್ಲಾಕ್‌ನ ಮೇಲ್ಮೈಗಿಂತ ಎಷ್ಟು ಎತ್ತರ ನಿಲ್ಲಬೇಕೆಂಬುದನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಅಳೆಯಬೇಕು. ಅಲ್ಲಿ ತಪ್ಪಿದರೆ ಯಾವ ಗ್ಯಾಸ್ಕೆಟ್ಟೂ ಉಳಿಯದು.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಕೆಲಸವನ್ನು ಹಿಂದಿನಿಂದ ಆರಂಭಿಸುತ್ತಾನೆ. ಮೊದಲು ಗ್ಯಾಸ್ಕೆಟ್, ಲೈನರ್‌ಗಳ ತಪಾಸಣೆ. ಅನಂತರ ದೊಡ್ಡ ಇಂಟರ್‌ಕೂಲರ್, ಸರಾಗವಾದ ಹೊಗೆ ಕೊಳವೆ, ದೊಡ್ಡ ಜೆಟ್, ಪೆಟ್ರೋಲ್ ಒತ್ತಡದ ಹೊಂದಾಣಿಕೆ. ತಿರುಪಿಗೆ ಕೈಹಾಕುವುದು ಕಟ್ಟಕಡೆಗೆ. ಅಗ್ಗದ ಗಿರಾಕಿಗೆ ಬೇಕಾದದ್ದು ಆ ಕೊನೆಯ ಕೆಲಸವೊಂದೇ. ಅದನ್ನಷ್ಟೇ ಮಾಡಿಕೊಟ್ಟವನಿಗೆ ಅಂದಿನ ಕೂಲಿ ಸಿಗುತ್ತದೆ. ಒಡೆದ ಎಂಜಿನ್‌ನೊಂದಿಗೆ ಅದೇ ಗಿರಾಕಿ ಮರಳಿದಾಗ ಹೆಸರು ಹೋಗಿರುತ್ತದೆ.

ಉಳಿದದ್ದರ ಬೆಲೆ

ಹೀಗೆ ಹಾಳಾದ ಕಾರುಗಳು ಒಂದೆರಡಲ್ಲ. ಅದರ ಪರಿಣಾಮವಾಗಿ ಕಾರ್ಖಾನೆಯಿಂದ ಬಂದಂತೆಯೇ ಉಳಿದ ಜಿಟಿ ಟರ್ಬೊ ಇಂದು ಸಂಗ್ರಾಹಕರಿಗೆ ಅಪರೂಪದ ವಸ್ತು. ಹಿಂದೆ ಕಿತ್ತೆಸೆದ ಮೂಲ ಬಿಡಿಭಾಗಗಳಿಗೇ ಈಗ ಹುಡುಕಾಟ. ರೆನೋ ಕೂಡ ಆ ಹೆಸರಿನ ಬೆಲೆಯನ್ನು ಮರೆತಿಲ್ಲ: ವಿದ್ಯುತ್ ಚಾಲಿತ ‘ರೆನೋ 5 ಟರ್ಬೊ 3ಇ’ಯನ್ನು 1980ರ ನೆನಪಿಗೆ 1,980 ಕಾರುಗಳಿಗೆ ಮಿತಿಗೊಳಿಸುವುದಾಗಿ 2025ರಲ್ಲಿ ತಿಳಿಸಿತು.

ಹಳೆಯ ಯಂತ್ರದಿಂದ ಹೆಚ್ಚು ದುಡಿಮೆ ಪಡೆಯಲು ಸಾಧ್ಯವೆಂಬುದನ್ನು ಈ ಕಾರು ತೋರಿಸಿಕೊಟ್ಟಿತು. ಆದರೆ ಹೆಚ್ಚಿದ ಒತ್ತಡವನ್ನು ಯಂತ್ರದ ಅತ್ಯಂತ ದುರ್ಬಲ ಭಾಗ ತಾಳಬಲ್ಲದೆ ಎಂದು ಮೊದಲೇ ಅಳೆದವರಿಗೆ ಮಾತ್ರ ಆ ಲಾಭ ದಕ್ಕಿತು. ಲೇತ್ ಇರಲಿ, ಪ್ರೆಸ್ ಇರಲಿ, ಹೆಚ್ಚುವರಿ ಪಾಳಿ ಆರಂಭಿಸುವ ಮುನ್ನ ಈ ಲೆಕ್ಕ ಹಾಕುವುದು ಒಳಿತು.